ಮನೆಯ ಲಿಕ್ವಿಡ್ ಸೋಪಿಗೆ ಸುಗಂಧ ತೈಲ: ತೂಕ, ಹದ ಮತ್ತು ಕೆಡುವ ಕಾರಣಗಳು

ಕನ್ನಡಿಯಂತೆ ತಿಳಿಯಾಗಿದ್ದ ಸೋಪಿಗೆ ಸುಗಂಧ ತೈಲ ಬಿದ್ದ ಮರುಗಳಿಗೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಇಲ್ಲವೇ ಹಾಕಿದಾಗ ಸರಿಯಾಗಿದ್ದು, ಬೆಳಗ್ಗೆ ಎದ್ದು ನೋಡಿದರೆ ಬಾಟಲಿಯ ಕುತ್ತಿಗೆಯ ಸುತ್ತ ಎಣ್ಣೆಯ ಉಂಗುರ ಕಟ್ಟಿರುತ್ತದೆ. ಜೇನಿನಂತೆ ದಪ್ಪಗಿದ್ದದ್ದು ನೀರಾಗಿ ಸುರಿಯುವುದೂ ಉಂಟು. ಸೋಪ್ ಮಾಡುವಾಗ ಎಣ್ಣೆ, ಕ್ಷಾರ, ಬಿಸಿ ಎಲ್ಲವನ್ನೂ ಅಳೆದು ತೂಗುವವರು ಕೊನೆಯ ಈ ಹೆಜ್ಜೆಯಲ್ಲಿ ಮಾತ್ರ ‘ಒಂದಿಷ್ಟು ಹನಿ’ ಎಂದು ಕೈ ಸಡಿಲ ಬಿಡುತ್ತಾರೆ. ಕೆಡುವುದು ಅಲ್ಲೇ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಇಲ್ಲಿ ಸುಗಂಧ ತೈಲ ಎಂದರೆ ಗಿಡದ ಎಲೆ, ಹೂವು, ತೊಗಟೆ, ಬೇರುಗಳಿಂದ ಭಟ್ಟಿ ಇಳಿಸಿದ ಅಥವಾ ಹಣ್ಣಿನ ಸಿಪ್ಪೆಯಿಂದ ಹಿಂಡಿ ತೆಗೆದ ಎಸೆನ್ಷಿಯಲ್ ಆಯಿಲ್. ಕಾರ್ಖಾನೆಯಲ್ಲಿ ಬೆರೆಸಿದ ಫ್ರಾಗ್ರೆನ್ಸ್ ಆಯಿಲ್ ಬೇರೆ. ಅದರ ಅಳತೆ, ನಡವಳಿಕೆ ಎರಡೂ ಬೇರೆ. ಬಾದಾಮಿ ಅಥವಾ ತೆಂಗಿನೆಣ್ಣೆಯಲ್ಲಿ ಮೊದಲೇ ಬೆರೆಸಿಟ್ಟ ‘ಮಸಾಜ್’ ಎಣ್ಣೆಗಳನ್ನಂತೂ ಸೋಪಿಗೆ ಹಾಕಲೇಬಾರದು, ಅವುಗಳಲ್ಲಿನ ಅಡುಗೆಯೆಣ್ಣೆಯಂಥ ಭಾಗ ಮೇಲೆ ಬಂದು ತೇಲುತ್ತದೆ. ಅನುಮಾನವಿದ್ದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ದಿನ ಬಿಡಿ. ಶುದ್ಧ ಕಿತ್ತಳೆ, ನೀಲಗಿರಿ, ಟೀ ಟ್ರೀ ಎಣ್ಣೆಗಳು ಆವಿಯಾಗಿ ಹೋಗುತ್ತವೆ. ಜಿಡ್ಡಿನ ಕಲೆ ಉಳಿದರೆ ಬೆರಕೆ ಇದೆ ಎಂದು ಅರ್ಥ. ಲಾವಂಚ, ಶ್ರೀಗಂಧ, ಪಚೌಲಿಯಂಥ ಭಾರದ ಎಣ್ಣೆಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ, ಶುದ್ಧವಾಗಿದ್ದರೂ ಅವು ಕಲೆ ಬಿಡುತ್ತವೆ.

ಸೋಪು ಎಷ್ಟು ಎಣ್ಣೆ ಹೊರಬಲ್ಲದು

ಸುಗಂಧ ತೈಲ ನೀರಿನಲ್ಲಿ ಕರಗುವುದಿಲ್ಲ. ಲಿಕ್ವಿಡ್ ಸೋಪಿನ ಬಹುಪಾಲು ನೀರೇ. ಆದರೂ ಅದು ಬೆರೆಯುತ್ತದೆ ಎಂದರೆ ಕಾರಣ ಸೋಪಿನ ಅಣು: ಅದರ ಒಂದು ತುದಿ ನೀರಿನ ನಂಟ, ಇನ್ನೊಂದು ತುದಿ ಎಣ್ಣೆಯ ನಂಟ. ಎಣ್ಣೆಯ ಕಡೆಯ ತುದಿಗಳು ಒಳಮುಖವಾಗಿ ಒಟ್ಟುಗೂಡಿ ಕಣ್ಣಿಗೆ ಕಾಣದ ಸಣ್ಣ ಗುಂಪುಗಳಾಗುತ್ತವೆ. ಇವಕ್ಕೆ ಮೈಸೆಲ್ ಎನ್ನುತ್ತಾರೆ. ಸುಗಂಧ ತೈಲ ಈ ಗುಂಪುಗಳ ಒಳಗೆ ಸೇರಿಕೊಳ್ಳುತ್ತದೆ. ಒಳಗೆ ಜಾಗವಿರುವತನಕ ಸೋಪು ತಿಳಿಯಾಗಿಯೇ ಇರುತ್ತದೆ. ಜಾಗ ಮುಗಿದ ಮೇಲೆ ಉಳಿದ ಎಣ್ಣೆ ಹನಿಹನಿಯಾಗಿ ಹೊರಗೇ ನಿಂತು ಬೆಳಕನ್ನು ಚದುರಿಸುತ್ತದೆ. ನಮಗೆ ಕಾಣುವ ಬಿಳಿ ಮಬ್ಬು ಅದೇ. ಆ ಹನಿಗಳು ಒಂದಕ್ಕೊಂದು ಕೂಡಿ ಮೇಲೆ ಬಂದರೆ ಎಣ್ಣೆಯ ಉಂಗುರ.

ಇದರಿಂದ ಎರಡು ವಿಷಯ ಹೊರಡುತ್ತವೆ. ನೀರು ಹೆಚ್ಚಿ ಸೋಪಿನ ಅಂಶ ಕಡಿಮೆಯಾದಷ್ಟೂ ಎಣ್ಣೆಗೆ ಜಾಗ ಕಡಿಮೆ. ಫೋಮ್ ಪಂಪಿಗಾಗಿ ತೀರಾ ತೆಳ್ಳಗೆ ಮಾಡಿದ ಸೋಪು ಮೊದಲು ಮಬ್ಬಾಗುವುದು ಇದಕ್ಕೇ. ಎರಡನೆಯದನ್ನು ಅನೇಕರು ಗಮನಿಸುವುದಿಲ್ಲ: ಕ್ಷಾರದೊಂದಿಗೆ ಸೇರದೆ ಉಳಿದ ಎಣ್ಣೆ, ಅಂದರೆ ಸೂಪರ್‌ಫ್ಯಾಟ್ ಕೂಡ ಅದೇ ಜಾಗವನ್ನು ಆಕ್ರಮಿಸುತ್ತದೆ. ಬಾರ್ ಸೋಪಿನಂತೆ ಶೇ. 5 ಸೂಪರ್‌ಫ್ಯಾಟ್ ಇಟ್ಟು ಲಿಕ್ವಿಡ್ ಸೋಪ್ ಮಾಡಿದರೆ ಸುಗಂಧ ತೈಲಕ್ಕೆ ಜಾಗವೇ ಉಳಿಯುವುದಿಲ್ಲ. ಶೇ. 2ರಿಂದ 3 ಸಾಕು. ಸುಗಂಧ ಹಾಕುವುದೆಂದು ಮೊದಲೇ ನಿರ್ಧರಿಸಿದ್ದರೆ ಶೇ. 2 ದಾಟಿಸದಿರುವುದು ಒಳ್ಳೆಯದು.

ಮೊದಲು ಸೋಪು ಸರಿಯಿದೆಯೇ ನೋಡಿ

ಈ ಮಾರ್ಗದರ್ಶಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬಳಸಿ ಪೇಸ್ಟ್ ಮಾಡಿ, ಅದಕ್ಕೆ ನೀರು ಬೆರೆಸಿದ ಸೋಪಿನ ಬಗ್ಗೆ. ಬಾರ್ ಸೋಪು ತುರಿದು ಬಿಸಿನೀರಿನಲ್ಲಿ ಕರಗಿಸಿದ್ದಾದರೆ ಅದು ಸೋಡಿಯಂ ಸೋಪು. ಆರಿದ ಮೇಲೆ ಲೋಳೆಯಾಗಿ ಗಟ್ಟಿಯಾಗುತ್ತದೆ, ಅದರಲ್ಲಿ ಎಣ್ಣೆ ಸಮನಾಗಿ ಹರಡುವುದು ಕಷ್ಟ.

ಪೇಸ್ಟ್ ಪೂರ್ತಿ ಬೆಂದಿದೆಯೇ ಎಂದು ತಿಳಿಯಲು 10 ಗ್ರಾಂ ಪೇಸ್ಟನ್ನು 20 ಗ್ರಾಂ ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಗಾಜಿನ ಲೋಟದಲ್ಲಿ ಆರಲು ಬಿಡಿ. ತಣ್ಣಗಾದ ಮೇಲೂ ತಿಳಿಯಾಗಿದ್ದರೆ ಸರಿ. ಮೇಲೆ ಎಣ್ಣೆ ನಿಂತರೆ ಅಥವಾ ಹಾಲಿನಂತಾದರೆ ಪೇಸ್ಟ್ ಇನ್ನೂ ಬೇಯಬೇಕು, ಇಲ್ಲವೇ ಎಣ್ಣೆ ಹೆಚ್ಚಾಗಿದೆ. ಈ ಹಂತದಲ್ಲೇ ಮಬ್ಬಾಗಿರುವ ಸೋಪಿಗೆ ಸುಗಂಧ ಹಾಕಿ, ಆಮೇಲೆ ಸುಗಂಧ ತೈಲವನ್ನು ದೂರಬೇಡಿ.

ನೀರು ಡಿಸ್ಟಿಲ್ಡ್ ಆಗಿರಲೇಬೇಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಬಿಳಿ ಗಸಿಯಾಗುತ್ತವೆ. ಕುದಿಸಿ ಆರಿಸಿದ ನೀರು ಇದಕ್ಕೆ ಬದಲಿಯಲ್ಲ; ಕುದಿಸಿದರೆ ಗಡಸುತನದ ಒಂದು ಪಾಲು ಮಾತ್ರ ಹೋಗುತ್ತದೆ.

ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ನಿಜವಾದ ಸೋಪಿನ ಪಿಎಚ್ 9ರಿಂದ 10.5ರ ಒಳಗಿರುತ್ತದೆ. ಚರ್ಮಕ್ಕೆ ಹಿತವಾಗಲೆಂದು ಸಿಟ್ರಿಕ್ ಆಮ್ಲ ಸುರಿದು 6 ಅಥವಾ 7ಕ್ಕೆ ಇಳಿಸಲು ಹೋದರೆ ಸೋಪೇ ಒಡೆದು ಕೊಬ್ಬಿನ ಆಮ್ಲವಾಗಿ ಬೇರ್ಪಡುತ್ತದೆ. ಸುಗಂಧವನ್ನು ಆರಿಸುವಾಗಲೂ ಈ ಕ್ಷಾರಗುಣವನ್ನು ಮರೆಯುವಂತಿಲ್ಲ.

ಯಾವ ಎಣ್ಣೆ, ಯಾಕೆ

ಒಳ್ಳೆಯ ವಾಸನೆ ಇದ್ದ ಮಾತ್ರಕ್ಕೆ ಸೋಪಿನಲ್ಲಿ ಅದು ಬಾಳುತ್ತದೆ ಎಂದೇನಿಲ್ಲ. ಲ್ಯಾವೆಂಡರ್‌ನ ಹಿತವಾದ ಸಿಹಿ ವಾಸನೆಗೆ ಮುಖ್ಯ ಕಾರಣ ಲಿನಾಲಿಲ್ ಅಸಿಟೇಟ್ ಎಂಬ ಎಸ್ಟರ್. ಕ್ಷಾರದಲ್ಲಿ ಎಸ್ಟರ್‌ಗಳು ನಿಧಾನವಾಗಿ ಒಡೆಯುತ್ತವೆ. ಹಾಗಾಗಿ ಕೆಲವು ತಿಂಗಳ ಮೇಲೆ ಲ್ಯಾವೆಂಡರ್ ಸೋಪಿನ ವಾಸನೆ ಮೊದಲಿಗಿಂತ ಚಪ್ಪೆಯಾಗಿ, ಸ್ವಲ್ಪ ಸೊಪ್ಪಿನ ವಾಸನೆಯ ಕಡೆಗೆ ತಿರುಗುತ್ತದೆ. ಇದನ್ನು ತಡೆಯಲಾಗದು; ಒಮ್ಮೆಗೆ ಎರಡು ಮೂರು ತಿಂಗಳಿಗೆ ಸಾಕಾಗುವಷ್ಟೇ ಸೋಪಿಗೆ ಸುಗಂಧ ಬೆರೆಸಿಕೊಳ್ಳುವುದೇ ದಾರಿ.

ನಿಂಬೆಹುಲ್ಲಿನ ಎಣ್ಣೆಯಲ್ಲಿ ಸಿಟ್ರಾಲ್ ಎಂಬ ಆಲ್ಡಿಹೈಡ್ ಹೇರಳ. ಅದೂ ಕ್ಷಾರದಲ್ಲಿ ಸವೆಯುತ್ತದೆ, ಆದರೆ ಮೊದಲಿನ ಘಾಟು ಎಷ್ಟು ಜೋರೆಂದರೆ ಸವೆದ ಮೇಲೂ ಸಾಕಷ್ಟು ಉಳಿದಿರುತ್ತದೆ. ಕಿತ್ತಳೆ, ನಿಂಬೆ ಎಣ್ಣೆಗಳ ಬಹುಭಾಗ ಲಿಮೋನಿನ್. ಅದು ಹಗುರ, ಬೇಗ ಹಾರಿಹೋಗುತ್ತದೆ, ನೀರಿನ ಜೊತೆ ಹೊಂದಿಕೊಳ್ಳುವುದೂ ಕಡಿಮೆ. ಸೋಪು ಮಬ್ಬಾಗುವುದು ಈ ಗುಂಪಿನ ಎಣ್ಣೆಗಳಿಂದಲೇ ಹೆಚ್ಚು. ನೀಲಗಿರಿ, ರೋಸ್ಮರಿ, ಟೀ ಟ್ರೀ, ಪುದೀನ ಎಣ್ಣೆಗಳು ಕ್ಷಾರವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಹೊಸಬರು ಇವುಗಳಿಂದ ಶುರುಮಾಡುವುದು ಒಳ್ಳೆಯದು.

ಲವಂಗದ ಎಣ್ಣೆಯ ಯೂಜಿನಾಲ್ ಕ್ಷಾರದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ದಾಲ್ಚಿನ್ನಿ ತೊಗಟೆಯ ಎಣ್ಣೆ ಚರ್ಮಕ್ಕೆ ಎಷ್ಟು ಖಾರವೆಂದರೆ ಅದನ್ನು ಕೈಬಿಡುವುದೇ ಲೇಸು. ವಿಂಟರ್‌ಗ್ರೀನ್ ಎಣ್ಣೆಯೂ ಬೇಡ: ಅದು ಬಹುತೇಕ ಮಿಥೈಲ್ ಸ್ಯಾಲಿಸಿಲೇಟ್, ಅಲ್ಪ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೂ ಮಕ್ಕಳಿಗೆ ಅಪಾಯ, ಮೇಲಾಗಿ ಕ್ಷಾರದಲ್ಲಿ ಒಡೆದು ವಾಸನೆಯನ್ನೂ ಕಳೆದುಕೊಳ್ಳುತ್ತದೆ.

ಹಗುರ ಎಣ್ಣೆಗಳ ವಾಸನೆ ಹಿಡಿದಿಡಲು ಭಾರದ ಎಣ್ಣೆಯೊಂದು ಜೊತೆಗಿರಲಿ. ದೇವದಾರು, ಪಚೌಲಿ, ಲಾವಂಚ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಲಾವಂಚ ಬಲು ಮಂದ, ಡ್ರಾಪರ್‌ನಿಂದ ಇಳಿಯುವುದೇ ಇಲ್ಲ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಬಳಸಿ.

ಎಣ್ಣೆ ತಾಜಾ ಆಗಿರಬೇಕು ಎಂಬುದು ವಾಸನೆಯ ಮಾತಷ್ಟೇ ಅಲ್ಲ. ಲಿಮೋನಿನ್, ಲಿನಾಲೂಲ್ ಗಾಳಿಗೆ ತೆರೆದುಕೊಂಡು ಆಕ್ಸಿಡೀಕರಣವಾದರೆ ಹುಟ್ಟುವ ಪದಾರ್ಥಗಳೇ ಚರ್ಮದ ಅಲರ್ಜಿಗೆ ದೊಡ್ಡ ಕಾರಣ. ಹಳೆಯ ಟೀ ಟ್ರೀ ಎಣ್ಣೆಯ ಕಥೆಯೂ ಅಷ್ಟೇ. ಅರ್ಧ ಖಾಲಿಯಾದ ಬಾಟಲಿಯಿಂದ ಸಣ್ಣ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಕತ್ತಲೆಯ ತಂಪು ಜಾಗದಲ್ಲಿಡಿ. ಹಳೆಯದಾಗಿ ವಾರ್ನಿಷಿನಂಥ ವಾಸನೆ ಹಿಡಿದ ಕಿತ್ತಳೆ ಎಣ್ಣೆಯನ್ನು ಮೈಗೆ ಹಚ್ಚುವ ಯಾವುದಕ್ಕೂ ಬಳಸಬೇಡಿ.

ಎಷ್ಟು ಹಾಕಬೇಕು

ಹನಿ ಲೆಕ್ಕ ಬಿಡಿ, ತೂಕ ಹಿಡಿಯಿರಿ. ಡ್ರಾಪರ್ ಮತ್ತು ಎಣ್ಣೆಯ ಮೇಲೆ ಹನಿಯ ಗಾತ್ರ ಬದಲಾಗುತ್ತದೆ. 1 ಮಿಲೀಗೆ 20 ಹನಿಯೂ ಆಗಬಹುದು, 30ಕ್ಕೂ ಹೋಗಬಹುದು. ಮಿಲೀ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ: 10 ಮಿಲೀ ಕಿತ್ತಳೆ ಎಣ್ಣೆ ಸುಮಾರು 8.5 ಗ್ರಾಂ, ಅಷ್ಟೇ ಲವಂಗದ ಎಣ್ಣೆ ಸುಮಾರು 10.5 ಗ್ರಾಂ. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಈ ಕೆಲಸಕ್ಕೆ ಬೇಕೇ ಬೇಕು.

ಶೇಕಡಾವಾರು ಲೆಕ್ಕವೆಲ್ಲ ನೀರು ಬೆರೆಸಿ ಮುಗಿದ ಸೋಪಿನ ತೂಕದ ಮೇಲೆ, ಪೇಸ್ಟಿನ ಮೇಲಲ್ಲ. ಕೈ ತೊಳೆಯುವ ಸೋಪಿಗೆ ಶೇ. 1, ಅಂದರೆ 990 ಗ್ರಾಂ ಸೋಪಿಗೆ 10 ಗ್ರಾಂ ಎಣ್ಣೆ. ಮೈಗೆ ಬಳಸುವುದಕ್ಕೆ ಶೇ. 0.5ರಿಂದ 1. ಮುಖಕ್ಕೆ ಶೇ. 0.2ರಿಂದ 0.3 ಸಾಕು. ಶೇ. 2 ಎಂಬುದು ಮೇಲಿನ ಗಡಿ. ಅಷ್ಟು ಹೊರುವ ಶಕ್ತಿ ಎಲ್ಲ ಸೋಪಿಗೂ ಇರುವುದಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಬಳಸುವ ಸೋಪಿಗೆ ಸುಗಂಧವೇ ಬೇಡ. ಗರ್ಭಿಣಿಯರು, ಆಸ್ತಮಾ ಅಥವಾ ಎಕ್ಸಿಮಾ ಇರುವವರು ವೈದ್ಯರನ್ನು ಕೇಳಿ ಬಳಸುವುದು ಸರಿ.

ಒಂದೊಂದು ಎಣ್ಣೆಗೂ ಅದರದೇ ಮಿತಿ ಇದೆ. ಲವಂಗದ ಎಣ್ಣೆ ಒಟ್ಟು ಸೋಪಿನ ಶೇ. 0.1ರಿಂದ 0.2 ದಾಟದಿರಲಿ, ನಿಂಬೆಹುಲ್ಲು ಶೇ. 0.5ರೊಳಗಿರಲಿ. ಪುದೀನ ಎಣ್ಣೆ ಕೈಗೆ ತಂಪು, ಆದರೆ ಮೈಸೋಪಿನಲ್ಲಿ ಶೇ. 0.3 ದಾಟಿದರೆ ಸೂಕ್ಷ್ಮ ಭಾಗಗಳಲ್ಲಿ ಉರಿ ಕಿತ್ತುಕೊಳ್ಳುತ್ತದೆ.

1 ಕೆಜಿ ಸೋಪಿಗೆ ಹೊಂದುವ ಮೂರು ಮಿಶ್ರಣಗಳು ಇಲ್ಲಿವೆ, ಪ್ರತಿಯೊಂದೂ ಒಟ್ಟು 10 ಗ್ರಾಂ. ಮೈಗೆ: ಲ್ಯಾವೆಂಡರ್ 5, ಕಿತ್ತಳೆ 3, ದೇವದಾರು 2. ಅಡುಗೆಮನೆಯ ಕೈಸೋಪಿಗೆ: ರೋಸ್ಮರಿ 5, ನಿಂಬೆಹುಲ್ಲು 3, ಪಚೌಲಿ 2; ಈರುಳ್ಳಿ ಬೆಳ್ಳುಳ್ಳಿಯ ವಾಸನೆಯ ಎದುರು ಇದು ಚೆನ್ನಾಗಿ ನಿಲ್ಲುತ್ತದೆ. ಮಣ್ಣಿನ ಕೆಲಸ ಮಾಡಿ ಬಂದ ಕೈಗೆ: ಟೀ ಟ್ರೀ 4, ಲ್ಯಾವೆಂಡರ್ 4, ಪುದೀನ 2. ಎಣ್ಣೆಗಳನ್ನು ಗಾಜಿನ ಸಣ್ಣ ಬಾಟಲಿಯಲ್ಲಿ ಮೊದಲೇ ಕೂಡಿಸಿ ಒಂದೆರಡು ದಿನ ಬಿಟ್ಟರೆ ವಾಸನೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆಗ ಮೂಸಿ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಪರೀಕ್ಷೆಯ ಮೂರು ಲೋಟ

ಇಡೀ ಪಾತ್ರೆಗೆ ಕೈಹಾಕುವ ಮೊದಲು ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ವಾರಗಟ್ಟಲೆ ಶ್ರಮಪಟ್ಟ ಸೋಪು ಉಳಿಯುವುದು ಇದರಿಂದಲೇ. ಮೂರು ಗಾಜಿನ ಜಾಡಿಗಳಿಗೆ ತಲಾ 100 ಗ್ರಾಂ ಸೋಪು ಹಾಕಿ, ಕ್ರಮವಾಗಿ 0.5, 1 ಮತ್ತು 1.5 ಗ್ರಾಂ ಮಿಶ್ರಣ ಬೆರೆಸಿ. ನಾಲ್ಕನೆಯದರಲ್ಲಿ ಸುಗಂಧವಿಲ್ಲದ ಸೋಪು ಇರಲಿ, ಹೋಲಿಸಿ ನೋಡಲು. ಮುಚ್ಚಳದ ಮೇಲೆ ತೂಕ, ತಾರೀಖು ಬರೆಯಿರಿ.

48 ಗಂಟೆ ಅಲುಗಾಡಿಸದೆ ಬಿಡಿ. ನಂತರ ಜಾಡಿಯ ಹಿಂದೆ ಮುದ್ರಿತ ಕಾಗದ ಹಿಡಿದು ಅಕ್ಷರ ಓದಲಾಗುತ್ತದೆಯೇ ನೋಡಿ, ಮೇಲ್ಮೈಯಲ್ಲಿ ಎಣ್ಣೆಯ ಹೊಳಪಿದೆಯೇ ನೋಡಿ. ಆಮೇಲೆ ಒಂದು ದಿನ ಫ್ರಿಜ್ಜಿನಲ್ಲಿಟ್ಟು, ತೆಗೆದು ಕೋಣೆಯ ಬಿಸಿಗೆ ಬರಲು ಬಿಡಿ. ಚಳಿಯಲ್ಲಿ ಮಬ್ಬಾಗಿ ಮತ್ತೆ ತಿಳಿಯಾದರೆ ಚಿಂತೆಯಿಲ್ಲ. ತಿಳಿಯಾಗದಿದ್ದರೆ ಆ ಪ್ರಮಾಣ ನಿಮ್ಮ ಸೋಪಿಗೆ ಹೆಚ್ಚಾಯಿತು.

ವಾಸನೆಯನ್ನು ಜಾಡಿಗೆ ಮೂಗಿಟ್ಟು ಅಳೆಯಬೇಡಿ. ಬೆಚ್ಚಗಿನ ನೀರಿನಲ್ಲಿ ನೊರೆ ಬರಿಸಿ ಕೈ ತೊಳೆದಾಗ ಬರುವುದೇ ನಿಜವಾದ ವಾಸನೆ. ಶೇ. 0.5 ಜಾಡಿಯಲ್ಲಿ ಮೆತ್ತಗೆನಿಸಿದರೂ ನೊರೆಯಲ್ಲಿ ಸಾಕಷ್ಟಿರುವುದು ಅಪರೂಪವಲ್ಲ. ಇದೇ ಮಾದರಿಯನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಮೊಣಕೈಯ ಒಳಭಾಗಕ್ಕೆ ಹಚ್ಚಿ, ಒಂದು ನಿಮಿಷ ಬಿಟ್ಟು ತೊಳೆದು, ಎರಡು ದಿನ ಗಮನಿಸಿ. ತುರಿಕೆ, ಕೆಂಪು ಕಂಡರೆ ಆ ಮಿಶ್ರಣ ನಿಮಗಲ್ಲ.

ಬೆರೆಸುವ ಕ್ರಮ

1. ನೀರು ಬೆರೆಸಿದ ಸೋಪನ್ನು 40 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆರಿಸಿ. 30ರಿಂದ 35 ಹದವಾದ ಬಿಸಿ. ಪೇಸ್ಟ್ ಬೇಯುವಾಗ ಹಾಕಿದ ಸುಗಂಧದ ಅರ್ಧ ಆವಿಯಾಗಿ ಹೋದರೆ ಇನ್ನರ್ಧವನ್ನು ಕ್ಷಾರ ತಿನ್ನುತ್ತದೆ. ಜೊತೆಗೆ, ಕಿತ್ತಳೆ ಮತ್ತು ನಿಂಬೆ ಎಣ್ಣೆಗಳ ಆವಿ 45ರಿಂದ 50 ಡಿಗ್ರಿಯ ಆಸುಪಾಸಿನಲ್ಲೇ ಕಿಡಿ ಸೋಕಿದರೆ ಹೊತ್ತಿಕೊಳ್ಳಬಲ್ಲದು. ಒಲೆ ಆರಿಸಿ, ಕಿಟಕಿ ತೆರೆದಿಡಿ.

2. ಕೈಗವಸು, ಕನ್ನಡಕ ಹಾಕಿಕೊಂಡು ಎಣ್ಣೆಯನ್ನು ಗಾಜು ಅಥವಾ ಸ್ಟೀಲ್ ಬಟ್ಟಲಿನಲ್ಲಿ ತೂಗಿ. ಥರ್ಮೊಕೋಲ್ ಲೋಟ, ಪಾಲಿಸ್ಟೈರೀನ್ ಪ್ಲಾಸ್ಟಿಕ್ ಬಟ್ಟಲು ಬೇಡ. ಕಿತ್ತಳೆ ಎಣ್ಣೆ ಅವನ್ನು ಕರಗಿಸಿಬಿಡುತ್ತದೆ.

3. ಎಣ್ಣೆಯ ಬಟ್ಟಲಿಗೇ ಅದರ ಹತ್ತು ಪಟ್ಟು ಸೋಪು ಹಾಕಿ, ಅಂದರೆ 10 ಗ್ರಾಂ ಎಣ್ಣೆಗೆ 100 ಗ್ರಾಂ ಸೋಪು, ಚಮಚದಿಂದ ನಿಧಾನವಾಗಿ ಕಲಸಿ. ಇದು ಮಬ್ಬಾಗಿ ಕಂಡರೂ ಗಾಬರಿ ಬೇಡ, ಇಲ್ಲಿ ಎಣ್ಣೆಯ ಪ್ರಮಾಣವೇ ಹೆಚ್ಚು.

4. ಈ ಮಿಶ್ರಣವನ್ನು ಉಳಿದ ಸೋಪಿಗೆ ಸಣ್ಣ ಧಾರೆಯಾಗಿ ಸುರಿಯುತ್ತ ಐದು ನಿಮಿಷ ತಿರುವಿ. ಬ್ಲೆಂಡರ್ ಬೇಡ. ಅದು ಒಳಗೆ ನುಗ್ಗಿಸುವ ಗಾಳಿಗುಳ್ಳೆಗಳು ದಿನಗಟ್ಟಲೆ ಇಳಿಯದೆ, ಸೋಪು ಮಬ್ಬಾಯಿತೋ ಗುಳ್ಳೆಯೋ ಎಂದು ತಿಳಿಯದಂತಾಗುತ್ತದೆ.

5. ಮುಚ್ಚಿ 24 ಗಂಟೆ ಬಿಡಿ.

ಪರೀಕ್ಷೆಯಲ್ಲೇ ಮಬ್ಬು ಕಂಡು, ನಿಮಗೆ ತಿಳಿಯಾದ ಸೋಪೇ ಬೇಕೆಂದಿದ್ದರೆ ಎಣ್ಣೆಯನ್ನು ನೀರಿನಲ್ಲಿ ಬೆರೆಯುವಂತೆ ಮಾಡುವ ಪಾಲಿಸಾರ್ಬೇಟ್ 20 ಬಳಸಬಹುದು. ಸೋಪಿಗೆ ಸೇರಿಸುವ ಮೊದಲೇ ಸುಗಂಧ ತೈಲದೊಂದಿಗೆ ಸಮತೂಕದಲ್ಲಿ ಅದನ್ನು ಕಲಸಬೇಕು. ಸಾಲದಿದ್ದರೆ ಎಣ್ಣೆಯ ಎರಡು, ಹೆಚ್ಚೆಂದರೆ ನಾಲ್ಕು ಪಟ್ಟಿನವರೆಗೆ ಹೋಗಬಹುದು. ಆಮೇಲೆ ಸುರಿದರೆ ಪರಿಣಾಮ ಅಷ್ಟಕ್ಕಷ್ಟೇ. ಪ್ರಮಾಣ ಹೆಚ್ಚಿದಂತೆ ನೊರೆ ತಗ್ಗುತ್ತದೆ, ಕೈಗೆ ಅಂಟಂಟೆನಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಪಾಲಿಸಾರ್ಬೇಟ್ ಸುರಿಯುವುದಕ್ಕಿಂತ ಸುಗಂಧವನ್ನು ಅರ್ಧಕ್ಕೆ ಇಳಿಸುವುದೇ ಮೇಲು. ಎಣ್ಣೆಯನ್ನು ಗ್ಲಿಸರಿನ್‌ನಲ್ಲಿ ಕರಗಿಸಿ ಹಾಕಿ ಎನ್ನುವ ಸಲಹೆ ಎಲ್ಲೆಡೆ ಕಾಣಸಿಗುತ್ತದೆ. ಗ್ಲಿಸರಿನ್‌ನಲ್ಲಿ ಸುಗಂಧ ತೈಲ ಕರಗುವುದಿಲ್ಲ. ಸೋಪಿನ ತೂಕದ ಶೇ. 5ರಷ್ಟು ಗ್ಲಿಸರಿನ್ ಸೋಪಿಗೇ ಬೆರೆಸಿದರೆ ತಿಳಿತನಕ್ಕೆ ಸ್ವಲ್ಪ ನೆರವಾಗಬಹುದು, ಅಷ್ಟೇ.

ದಪ್ಪ ಮಾಡುವುದು ಕೊನೆಗೆ

ಸುಗಂಧ ತೈಲ ಮೈಸೆಲ್‌ಗಳ ಆಕಾರವನ್ನೇ ಬದಲಿಸುವುದರಿಂದ ಸೋಪು ತೆಳ್ಳಗಾಗಬಹುದು, ಕೆಲವೊಮ್ಮೆ ದಪ್ಪವೂ ಆಗಬಹುದು. ಆದ್ದರಿಂದ ಉಪ್ಪಿನಿಂದ ದಪ್ಪ ಮಾಡುವ ಕೆಲಸ ಸುಗಂಧ ಬೆರೆತು ಒಂದು ದಿನ ಕಳೆದ ನಂತರವೇ. 80 ಗ್ರಾಂ ಡಿಸ್ಟಿಲ್ಡ್ ನೀರಿನಲ್ಲಿ 20 ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ. 1 ಕೆಜಿ ಸೋಪಿಗೆ ಒಂದು ಸಲಕ್ಕೆ 5 ಗ್ರಾಂ ಉಪ್ಪುನೀರು ಹಾಕಿ, ಕಲಸಿ, ಹತ್ತು ನಿಮಿಷ ಕಾದು ನೋಡಿ. ಹದ ಬಂದ ಕೂಡಲೇ ನಿಲ್ಲಿಸಿ. ಒಂದು ಹಂತ ದಾಟಿದರೆ ಅದೇ ಉಪ್ಪು ಸೋಪನ್ನು ಮತ್ತೆ ನೀರಾಗಿಸುತ್ತದೆ, ಇನ್ನೂ ಮುಂದೆ ಹೋದರೆ ಸೋಪು ನೀರಿನಿಂದ ಬೇರ್ಪಡುತ್ತದೆ. ಆಲಿವ್ ಎಣ್ಣೆ ಹೆಚ್ಚಿರುವ ಸೋಪಿನಲ್ಲಿ ಇದು ಕೆಲಸ ಮಾಡುತ್ತದೆ. ಬರೀ ತೆಂಗಿನೆಣ್ಣೆಯ ಸೋಪು ಉಪ್ಪಿಗೆ ಬಗ್ಗುವುದಿಲ್ಲ. ಅದನ್ನು ತೆಳ್ಳಗಿರುವಂತೆಯೇ ಫೋಮ್ ಪಂಪಿನಲ್ಲಿ ಬಳಸಿ.

ಬಾಟಲಿ ಮತ್ತು ಬಾಳಿಕೆ

ಸುಗಂಧ ತೈಲ ಹಾಕಿದ ಮಾತ್ರಕ್ಕೆ ಸೋಪು ಕೆಡದೆ ಉಳಿಯುತ್ತದೆ ಎಂಬುದು ನಿಜವಲ್ಲ, ಟೀ ಟ್ರೀ ಹಾಕಿದರೂ ಅಷ್ಟೇ. ಸೋಪಿನ ಕ್ಷಾರಗುಣ ಬಹಳಷ್ಟು ಸೂಕ್ಷ್ಮಜೀವಿಗಳನ್ನು ದೂರವಿಡುತ್ತದೆ, ಎಲ್ಲವನ್ನೂ ಅಲ್ಲ. ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಇಲ್ಲಿ ನೆರವಿಗೆ ಬಾರವು, ಅವು ಕೆಲಸ ಮಾಡುವುದು ಆಮ್ಲೀಯ ಪಿಎಚ್‌ನಲ್ಲಿ ಮಾತ್ರ. ಪೇಸ್ಟ್ ದೀರ್ಘಕಾಲ ಬಾಳುತ್ತದೆ. ಅದನ್ನು ಹಾಗೇ ಇಟ್ಟುಕೊಂಡು ಬೇಕಾದಷ್ಟಕ್ಕೆ ಮಾತ್ರ ನೀರು ಮತ್ತು ಸುಗಂಧ ಸೇರಿಸಿಕೊಳ್ಳಿ. ಸೋಪಿನ ಬಣ್ಣ, ವಾಸನೆ ಬದಲಾಗಿ ಲೋಳೆ ಅಥವಾ ಬೂಷ್ಟು ಕಂಡರೆ ಚೆಲ್ಲಿಬಿಡಿ.

ಪಿಇಟಿ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ ಬಾಟಲಿ ಸಾಕು. ಬಚ್ಚಲಿನಲ್ಲಿ ಗಾಜು ಜಾರಿದರೆ ಅಪಾಯ. ತಾರೀಖು, ಎಣ್ಣೆಗಳ ಹೆಸರು, ಗ್ರಾಂ ಲೆಕ್ಕ ಬರೆದ ಚೀಟಿ ಅಂಟಿಸಿ. ಯಾರಿಗಾದರೂ ಕೊಡುವಾಗ ಇದು ಇನ್ನೂ ಮುಖ್ಯ, ಅವರ ಅಲರ್ಜಿ ಅವರಿಗೇ ಗೊತ್ತು. ಶುದ್ಧ ಎಣ್ಣೆಯ ಬಾಟಲಿಗಳು ಮಕ್ಕಳ ಕೈಗೆ ಎಟಕದ ಕಡೆ ಇರಲಿ. ನೀಲಗಿರಿ ಮತ್ತು ಕರ್ಪೂರದ ಎಣ್ಣೆ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು. ಟೀ ಟ್ರೀ ಎಣ್ಣೆ ಬೆಕ್ಕು ನಾಯಿಗಳಿಗೆ ವಿಷ, ಆ ಸೋಪಿನಿಂದ ಅವುಗಳ ಮೈ ತೊಳೆಯಬೇಡಿ.

ಕೆಟ್ಟರೆ ಸರಿಪಡಿಸುವುದು

ಮಬ್ಬಾದ ಸೋಪನ್ನು ಒಂದು ಲೋಟದಷ್ಟು ತೆಗೆದು ಬಿಸಿನೀರಿನ ಪಾತ್ರೆಯಲ್ಲಿಟ್ಟು 40 ಡಿಗ್ರಿಗೆ ಬೆಚ್ಚಗೆ ಮಾಡಿ. ತಿಳಿಯಾಗಿ, ಆರಿದಾಗ ಮತ್ತೆ ಮಬ್ಬಾದರೆ ಎಣ್ಣೆ ಗಡಿಯ ಮೇಲೆ ನಿಂತಿದೆ. ಬಿಸಿಯಲ್ಲೂ ತಿಳಿಯಾಗದೆ ಮೇಲೆ ಹನಿ ತೇಲಿದರೆ ಎಣ್ಣೆ ಹೆಚ್ಚಾಗಿದೆ. ತಳದಲ್ಲಿ ಬಿಳಿ ಪುಡಿಯಂಥ ಗಸಿ ಕೂತರೆ ತಪ್ಪು ನೀರಿನದು, ಸುಗಂಧದ್ದಲ್ಲ.

ಎಣ್ಣೆ ಹೆಚ್ಚಾಗಿದ್ದಕ್ಕೆ ಸುಲಭ ಮದ್ದು ಸುಗಂಧವಿಲ್ಲದ ಅದೇ ಸೋಪನ್ನು ಸಮತೂಕದಲ್ಲಿ ಸೇರಿಸುವುದು. ಶೇ. 2 ಇದ್ದದ್ದು ಶೇ. 1ಕ್ಕೆ ಇಳಿಯುತ್ತದೆ, ಎಣ್ಣೆಗೆ ಜಾಗವೂ ಸಿಗುತ್ತದೆ. ಅದಕ್ಕಾಗಿಯೇ ಪ್ರತಿ ಸಲವೂ ಸ್ವಲ್ಪ ಸೋಪನ್ನು ಸುಗಂಧ ಹಾಕದೆ ಎತ್ತಿಡಿ. ನೀರು ಮಾತ್ರ ಸುರಿಯಬೇಡಿ, ಮಬ್ಬು ಹೆಚ್ಚುತ್ತದೆ. ಎಣ್ಣೆ ಬೇರ್ಪಟ್ಟ ಸೋಪನ್ನು ‘ಅಲುಗಾಡಿಸಿ ಬಳಸಿದರಾಯಿತು’ ಎಂದು ಬಿಡುವುದೂ ಸರಿಯಲ್ಲ: ಅಲುಗಾಡಿಸಲು ಮರೆತ ದಿನ ಪಂಪಿನಿಂದ ಅಂಗೈಗೆ ಬೀಳುವುದು ಹೆಚ್ಚುಕಡಿಮೆ ಶುದ್ಧ ಎಣ್ಣೆ. ಸೋಪು ತೆರೆದ ಪಾತ್ರೆಯಲ್ಲಿದ್ದರೆ ಮೇಲಿನ ಪದರವನ್ನು ಟಿಶ್ಯೂ ಕಾಗದದಿಂದ ಹೀರಿಸಿ ತೆಗೆದು, ಉಳಿದದ್ದಕ್ಕೆ ಸುಗಂಧವಿಲ್ಲದ ಸೋಪು ಬೆರೆಸಿ, ಮತ್ತೆ 48 ಗಂಟೆ ಕಾದು ನೋಡಿ. ಆಗಲೂ ನಿಲ್ಲದಿದ್ದರೆ ನೆಲ ಒರೆಸುವ ನೀರಿಗೆ ಹಾಕಿ ಮುಗಿಸಿ, ಮೈಗೆ ಬೇಡ.

ಬಣ್ಣ ಕಂದಾಗುವುದು ಲವಂಗದಂಥ ಎಣ್ಣೆಗಳ ಸಹಜ ಗುಣ, ಅದರಿಂದ ತೊಂದರೆಯಿಲ್ಲ. ವಾಸನೆ ಒಂದೆರಡು ವಾರದಲ್ಲೇ ಅಡಗಿದರೆ ಮಿಶ್ರಣದಲ್ಲಿ ಹಗುರ ಎಣ್ಣೆಗಳೇ ತುಂಬಿವೆ. ಮುಂದಿನ ಸಲ ಕಾಲುಭಾಗ ದೇವದಾರು ಅಥವಾ ಪಚೌಲಿ ಇರಲಿ. ಹಳಸಿದ ಅಡುಗೆಯೆಣ್ಣೆಯ ಕಮಟು ಬಂದರೆ ಕೆಟ್ಟಿರುವುದು ಸುಗಂಧವಲ್ಲ, ಸೋಪಿನೊಳಗಿನ ಸೂಪರ್‌ಫ್ಯಾಟ್. ಅದರ ಮೇಲೆ ಇನ್ನಷ್ಟು ಸುಗಂಧ ಸುರಿದು ಮುಚ್ಚಿಡಲು ಆಗುವುದಿಲ್ಲ.